ಮಳೆಗಾಲ ಹತ್ತಿರ ಬಂತು, ಎಚೆವೇರಿಯಾ ಕುಂಡಗಳನ್ನು ಎಲ್ಲಿಡೋದು?

ತುಂಗೆ_ದಡ · ತೀರ್ಥಹಳ್ಳಿ · ಮೇ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು ಊರಿಗೆ ಬಂದಿದ್ದೇವೆ. ಸಾಮಾನಿನ ಜೊತೆ ನನ್ನ ಸಕ್ಯುಲೆಂಟ್ (ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳೋ ಗಿಡ) ಕುಂಡಗಳೂ ಬಂದಿವೆ. ಹೆಚ್ಚಿನವು ಎಚೆವೇರಿಯಾ. ದಪ್ಪ ಎಲೆ ಸುತ್ತುಸುತ್ತಾಗಿ ಕೂತು ಹೂವಿನ ಆಕಾರ ಆಗುತ್ತಲ್ಲ, ಆ ಜಾತಿ. ಜೊತೆಗೆ ಒಂದಷ್ಟು ಹಾವರ್ಥಿಯಾ, ಗ್ರಾಪ್ಟೊಪೆಟಲಮ್, ಎರಡು ಅಯೋನಿಯಂ ಇವೆ. ಬೆಂಗಳೂರಿನ ಬಾಲ್ಕನಿಯಲ್ಲಿ ಇವಕ್ಕೆ ಏನೂ ತೊಂದರೆ ಇರಲಿಲ್ಲ.

ಇಲ್ಲಿ ಜೂನ್ ಹಿಡಿದರೆ ಸೆಪ್ಟೆಂಬರ್ ತನಕ ಮಳೆ. ಜಗಲಿಯಲ್ಲಿ ಇಟ್ಟರೆ ನೀರು ಬೀಳಲ್ಲ, ಆದರೆ ಕತ್ತಲೆ. ಅಂಗಳದಲ್ಲಿ ಬೆಳಕಿದೆ, ಆದರೆ ಮಳೆ ನೇರ ತಲೆ ಮೇಲೆ. ಅತ್ತೆಯವರು ಡೇರೆ ಹೂ ಬೆಳೆಸುವುದರಲ್ಲಿ ಪಳಗಿದವರು. "ಅಂಗಳದಲ್ಲೇ ಇಡು, ಮಳೆ ಬಿದ್ದರೆ ತಾನೇ ಚಿಗುರುತ್ತೆ" ಅಂತಾರೆ. ಡೇರೆಗೆ ಸರಿ, ಇದಕ್ಕೆ? ಮಲೆನಾಡಲ್ಲಿ ಇವನ್ನು ಮಳೆಗಾಲ ದಾಟಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಗಿಡ ಮರಿ ಮಾಡುವುದಕ್ಕೂ ಈಗಲೇ ಶುರು ಮಾಡಬಹುದಾ?

ಗೋಪಾಳ_ತಾರಸಿ · ಶಿವಮೊಗ್ಗ · ಮೇ

ಇಷ್ಟೊಂದು ಹೆದರಬೇಡಿ ಮೇಡಂ. ನನ್ನದೆಲ್ಲ ತಾರಸಿ ಮೇಲೆ, ಬರೀ ಹಸಿರು ಶೇಡ್ ನೆಟ್ ಕೆಳಗೆ ಇವೆ. ಮಳೆಯೂ ಬೀಳುತ್ತೆ, ಬಿಸಿಲೂ ಬೀಳುತ್ತೆ. ನನಗೆ ಕಷ್ಟ ಕೊಡೋದು ಏಪ್ರಿಲ್ ಬಿಸಿಲು. ಎಲೆ ಮೇಲೆ ಕಂದು ಬಣ್ಣದ ಸುಟ್ಟ ಕಲೆ ಬೀಳುತ್ತೆ, ಆಮೇಲೆ ಅದು ಹೋಗೋದೇ ಇಲ್ಲ. ನೆಟ್ ಹಾಕಿದರೆ ಮುಗೀತು.

ಸಾಗರದ_ಅಂಗಳ · ಸಾಗರ · ಮೇ

ಗೋಪಾಳದವರೇ, ನಿಮ್ಮ ಮಾತು ನಿಮ್ಮ ತಾರಸಿಗೆ ಸರಿ. ಶಿವಮೊಗ್ಗ ಪೇಟೆಯ ಮಳೆ ಬೇರೆ, ತೀರ್ಥಹಳ್ಳಿ ಮಳೆ ಬೇರೆ. ಅಲ್ಲಿಂದ ಆಗುಂಬೆ ಎಷ್ಟು ದೂರ ಹೇಳಿ? ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಬೀಳುತ್ತೆ. ನಿಮ್ಮಲ್ಲಿ ಎರಡು ದಿನ ಮಳೆ, ಮೂರನೇ ದಿನ ಬಿಸಿಲು. ಅವರಲ್ಲಿ ಪುನರ್ವಸು, ಪುಷ್ಯ ಮಳೆ ಹಿಡಿದರೆ ಸೂರ್ಯನ ಮುಖ ವಾರಗಟ್ಟಲೆ ಕಾಣಲ್ಲ.

ತುಂಗೆ ದಡದ ತಂಗೀ, ನಾನು ಸುಮಾರು ವರ್ಷಗಳಿಂದ ಇದನ್ನು ಇಲ್ಲಿ ಬೆಳೆಸ್ತಾ ಇದ್ದೇನೆ. ಒಂದು ಮಾತು ಮೊದಲು ತಿಳ್ಕೊಳ್ಳಿ. ಇವು ಮಳೆ ಕಾಣದ ಗಿಡಗಳಲ್ಲ. ಎಚೆವೇರಿಯಾದ ಬಹುಪಾಲು ಜಾತಿಗಳ ತವರು ಮೆಕ್ಸಿಕೋದ ಗುಡ್ಡಗಾಡು. ಅಲ್ಲೂ ಮಳೆಗಾಲ ಹೆಚ್ಚುಕಡಿಮೆ ನಮ್ಮದೇ ತಿಂಗಳುಗಳಲ್ಲಿ, ಜೂನಿಂದ ಅಕ್ಟೋಬರ್ ತನಕ. ಆದರೆ ಅಲ್ಲಿ ಅವು ಬಂಡೆಯ ಸಂದಿಯಲ್ಲಿ, ಕಡಿದಾದ ಇಳಿಜಾರಿನಲ್ಲಿ ಬೆಳೆಯುತ್ತವೆ. ಬಿದ್ದ ನೀರು ನಿಲ್ಲಲ್ಲ. ಮಳೆ ನಿಂತ ಕೂಡಲೇ ಬಿಸಿಲು, ಗಾಳಿ. ನಮ್ಮಲ್ಲಿ ಕೊಲ್ಲೋದು ಮಳೆಯ ನೀರಿಗಿಂತ ಜಾಸ್ತಿ, ಆರದೇ ಉಳಿಯೋ ತೇವ ಮತ್ತು ಬೆಳಕಿಲ್ಲದ ದಿನಗಳು. ಹಾಗಾಗಿ "ನೀರು ಬೀಳದ ಜಾಗ ಯಾವುದು" ಅಂತ ಹುಡುಕಿದರೆ ಸಾಲದು. ನೀರು ಬೀಳಬಾರದು, ಬೆಳಕು ಬೀಳಬೇಕು, ಗಾಳಿ ಆಡಬೇಕು. ಮೂರೂ ಇರೋ ಜಾಗ ಮನೆಯಲ್ಲಿ ಇಲ್ಲದಿದ್ದರೆ ಮಾಡಿಕೊಳ್ಳಬೇಕು.

ನಾನು ಮಾಡಿರೋದು ಇಷ್ಟು. ಅಡಿಕೆ ಒಣಗಿಸೋಕೆ ತರ್ತಾರಲ್ಲ 200 ಮೈಕ್ರಾನ್ ಯುವಿ ಶೀಟು, ಬಿಸಿಲಿಗೆ ಬೇಗ ಹಾಳಾಗದ ಪಾರದರ್ಶಕ ಪ್ಲಾಸ್ಟಿಕ್, ಅದರ ಉಳಿದ ತುಂಡನ್ನು ಅಂಗಳದ ದಕ್ಷಿಣಕ್ಕೆ ಇಳಿಜಾರಾಗಿ ಕಟ್ಟಿಸಿದ್ದೇನೆ. ನಾಲ್ಕು ಕಂಬ, ಮೇಲೆ ಅಡಿಕೆ ದಬ್ಬೆ, ಅದರ ಮೇಲೆ ಶೀಟು. ಸುತ್ತ ಗೋಡೆ ಇಲ್ಲ, ಪರದೆ ಇಲ್ಲ. ಎರಚಲು ಬರೋ ಪಶ್ಚಿಮದ ಬದಿಗೆ ಮಾತ್ರ ಶೀಟನ್ನು ಸ್ವಲ್ಪ ಕೆಳಗೆ ಇಳಿಬಿಟ್ಟಿದ್ದೇನೆ. ಕುಂಡಗಳು ನೆಲದ ಮೇಲಲ್ಲ, ಸೊಂಟದ ಎತ್ತರದ ಸ್ಟ್ಯಾಂಡ್ ಮೇಲೆ. ಕೆಳಗಿಂದಲೂ ಗಾಳಿ ಆಡಬೇಕು. ಮಳೆ ತಾಗದಿರಲಿ ಅಂತ ಅಡಿಕೆ ಕೊನೆಗೆ ಕೊಟ್ಟೆ ಕಟ್ಟೋ ಹಾಗೆ ಇದೂ ಒಂದು ಕೆಲಸ ಅಂತ ಇಟ್ಕೊಳ್ಳಿ. ಆರ್ದ್ರಾ ಮಳೆ ಜೋರಾಗೋ ಮೊದಲೇ ಮುಗಿಸಬೇಕು.

ಮರಿ ಮಾಡೋದು ಈಗ ಬೇಡ. ದೀಪಾವಳಿ ಕಳೀಲಿ.

ಹೊಸನಗರ_ಅಡಿಕೆ · ಮೇ

ನಮಗೆಲ್ಲ ಕೊಳೆ ಅಂದರೆ ಗೊತ್ತಿರೋದು ಒಂದೇ ಔಷಧಿ. ಬೋರ್ಡೋ! ತೋಟಕ್ಕೆ ಹೊಡೆಯುವಾಗ ಒಂದು ಸುತ್ತು ಕುಂಡಕ್ಕೂ ಹೊಡೆದರಾಯ್ತು. ಕೊಳೆ ಅಂದ ಮೇಲೆ ಕೊಳೆಯೇ ಅಲ್ವಾ ಮಾರಾಯ್ರೆ.

ಮಣ್ಣು_ಮಸಿ · ಕೊಪ್ಪ · ಮೇ

ಹೊಸನಗರದ ಅಣ್ಣ, ಅಡಿಕೆ ಕೊಳೆ ಬರೋದು ಫೈಟಾಫ್ತೊರಾ ಅನ್ನೋ ಜೀವಿಯಿಂದ. ಕಾಯಿ ಮೇಲೆ ಅದು ಹತ್ತುವ ಮೊದಲೇ ಶೇಕಡಾ 1ರ ಬೋರ್ಡೋ, ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ಒಂದು ಪದರವಾಗಿ ಕೂತು ತಡೆಯುತ್ತೆ. ಬಂದ ಕೊಳೆಯನ್ನು ಅದು ವಾಸಿ ಮಾಡಲ್ಲ. ಕುಂಡದಲ್ಲಿ ಸಕ್ಯುಲೆಂಟ್ ಕೊಳೆಯೋದು ಬೇರಿನಿಂದ ಅಥವಾ ಕಾಂಡದ ಬುಡದಿಂದ. ಮೇಲಿಂದ ಹೊಡೆದು ಏನು ಪ್ರಯೋಜನ? ಇನ್ನೊಂದು ವಿಷಯ, ಎಚೆವೇರಿಯಾ ಎಲೆ ಮೇಲೆ ಬೂದಿ ಬಣ್ಣದ ಪುಡಿ ಇರುತ್ತಲ್ಲ, ಅದು ಧೂಳಲ್ಲ, ಗಿಡವೇ ಮಾಡಿಕೊಂಡ ಮೇಣ. ಬಿಸಿಲು ತಡೆಯೋಕೆ, ನೀರು ಜಾರಿಸೋಕೆ ಅದು ಬೇಕು. ಬೋರ್ಡೋ ಬಿದ್ದರೆ ಅದರ ಮೇಲೆ ನೀಲಿ ಬಿಳಿ ಕಲೆ ಕೂರುತ್ತೆ. ಒರೆಸೋಕೆ ಹೋದರೆ ಮೇಣವೂ ಹೋಗುತ್ತೆ, ಆ ಎಲೆಗೆ ಮತ್ತೆ ಬರಲ್ಲ. ನೋಡೋಕೆ ಚೆಂದ ಅಂತ ಇಟ್ಟ ಗಿಡಕ್ಕೆ ಯಾಕೆ ಬೇಕು ಆ ಶಿಕ್ಷೆ.

ಔಷಧಿಗಿಂತ ಮೊದಲು ಮಣ್ಣು ಸರಿ ಮಾಡಿ. ಬೆಂಗಳೂರಿನ ನರ್ಸರಿಯಿಂದ ಬಂದ ಗಿಡ ಆದರೆ ಬೇರಿನ ಸುತ್ತ ಕೋಕೋಪೀಟ್ ಇರೋ ಸಾಧ್ಯತೆ ಜಾಸ್ತಿ. ತೆಂಗಿನ ನಾರಿನ ಈ ಪುಡಿ ಅಲ್ಲಿನ ಒಣ ಹವೆಗೆ ನಡೆಯುತ್ತೆ. ನಮ್ಮಲ್ಲಿ ಒಮ್ಮೆ ಒದ್ದೆಯಾದರೆ ಆರೋದೇ ಇಲ್ಲ. ಈಗ ಮೇ ತಿಂಗಳಲ್ಲೇ ಕುಂಡದಿಂದ ತೆಗೆದು, ಬೇರು ಕೊಡವಿ, ಬೇರೆ ಮಿಶ್ರಣಕ್ಕೆ ಹಾಕಿ.

ನನ್ನ ಮಿಶ್ರಣ ಹೇಳ್ತೇನೆ. ಮೂರು ಪಾಲು ಗಟ್ಟಿ ಚೂರು, ಒಂದು ಪಾಲು ಹಳೆಯ, ಪುಡಿಪುಡಿಯಾದ ಗೊಬ್ಬರ ಅಥವಾ ಎಲೆಗೊಬ್ಬರ. ಗಟ್ಟಿ ಚೂರು ಅಂದರೆ 6 ಎಂಎಂ ಜಲ್ಲಿ, ಒಡೆದ ಹಂಚಿನ ಚೂರು, ಇದ್ದಿಲಿನ ಚೂರು, ಏನು ಸಿಗುತ್ತೋ ಅದು. ಹಳೇ ಮನೆ ಬಿಚ್ಚಿದ ಕಡೆ ಹಂಚಿನ ಚೂರು ರಾಶಿ ಬಿದ್ದಿರುತ್ತೆ, ಸುತ್ತಿಗೆಯಲ್ಲಿ ಕುಟ್ಟಿ ಜರಡಿ ಹಿಡಿದರೆ ಅಂಗಡಿಯ ಪರ್ಲೈಟ್ ಅನ್ನೋ ಹಗುರ ಬಿಳಿ ಚೂರಿಗೆ ದುಡ್ಡು ಕೊಡಬೇಕಿಲ್ಲ. ಜರಡಿ ಹಿಡಿಯೋದನ್ನು ಮಾತ್ರ ತಪ್ಪಿಸಬೇಡಿ. ನುಣ್ಣನೆಯ ಪುಡಿ ಉಳಿದರೆ ಅದೇ ಕೆಸರಾಗಿ ತಳ ಸೇರುತ್ತೆ. ಜಂಬಿಟ್ಟಿಗೆ ಕಲ್ಲಿನ ಚೂರೂ ಆಗುತ್ತೆ, ಆದರೆ ಅದು ಮೆತ್ತಗಾಗಿ ಪುಡಿಯಾಗ್ತಾ ಬರುತ್ತೆ, ವರ್ಷಕ್ಕೊಮ್ಮೆ ಬದಲಿಸಬೇಕು.

ಗೋಪಾಳ_ತಾರಸಿ · ಮೇ

ನಾನು ಕುಂಡದ ತಳಕ್ಕೆ ಎರಡು ಇಂಚು ಜಲ್ಲಿ ಹಾಕಿ ಮೇಲೆ ಮಾಮೂಲಿ ಮಣ್ಣು ಹಾಕ್ತೇನೆ. ನೀರು ಇಳಿದು ಹೋಗುತ್ತೆ.

ಮಣ್ಣು_ಮಸಿ · ಮೇ

ಹಾಗೆ ಎಲ್ಲರೂ ಮಾಡ್ತಾರೆ ಸರ್, ಆದರೆ ಅದು ಉಲ್ಟಾ ಕೆಲಸ. ನುಣ್ಣನೆಯ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭಕ್ಕೆ ಇಳಿಯಲ್ಲ. ಮೇಲಿನ ಮಣ್ಣು ಪೂರ್ತಿ ನೆನೆದು ತುಂಬೋ ತನಕ ಅಲ್ಲೇ ಹಿಡಿದಿಟ್ಟುಕೊಳ್ಳುತ್ತೆ. ಅಂದರೆ ಒದ್ದೆ ಪದರ ಕುಂಡದ ತಳದಿಂದ ಎರಡು ಇಂಚು ಮೇಲಕ್ಕೆ, ಬೇರಿನ ಹತ್ತಿರಕ್ಕೇ ಬಂತು. ತಳದಿಂದ ಮೇಲಿನ ತನಕ ಒಂದೇ ಥರದ ಮಿಶ್ರಣ ಇರಲಿ. ತೂತು ಮುಚ್ಚದ ಹಾಗೆ ಒಂದು ಹಂಚಿನ ಚೂರೋ ಬಲೆಯ ತುಂಡೋ ಸಾಕು.

ಕುಂಡ ಮಣ್ಣಿನದೇ ಆಗಲಿ, ಅಗಲ ಇರಲಿ, ಆಳ ಕಡಿಮೆ ಇರಲಿ. ಗಿಡಕ್ಕಿಂತ ಸ್ವಲ್ಪ ದೊಡ್ಡದು ಅಷ್ಟೇ. ಕುಂಬಾರರ ಹತ್ತಿರ ಮೊಸರು ಕುಡಿಕೆ ಸಿಗುತ್ತಲ್ಲ, ತಳಕ್ಕೆ ಡ್ರಿಲ್ ಹಿಡಿದರೆ ಅದಕ್ಕಿಂತ ಒಳ್ಳೇ ಕುಂಡ ಇಲ್ಲ. ಗಾಜಿನ ಬಟ್ಟಲು, ತೂತಿಲ್ಲದ ಪಿಂಗಾಣಿ ಕಪ್ಪು ಇವೆಲ್ಲ ಫೋಟೋಕ್ಕೆ ಮಾತ್ರ.

ತುಂಗೆ_ದಡ · ಮೇ

ಎಲ್ಲರಿಗೂ ಥ್ಯಾಂಕ್ಸ್. ಯುವಿ ಶೀಟು ನಮ್ಮ ಕೊಟ್ಟಿಗೆ ಅಟ್ಟದಲ್ಲೇ ಒಂದು ಸುರುಳಿ ಸಿಕ್ಕಿತು. ಸಾಗರದ ಅಕ್ಕ, ಮಳೆಗಾಲದಲ್ಲಿ ನೀರು ಎಷ್ಟು ದಿನಕ್ಕೊಮ್ಮೆ? ಜಾಗ ಸಾಲದ ಕೆಲವನ್ನು ಒಳಗೆ ಲೈಟ್ ಹಾಕಿ ಇಡಬಹುದಾ?

ಸಾಗರದ_ಅಂಗಳ · ಮೇ

ದಿನ ಲೆಕ್ಕ ಹಾಕಬೇಡಿ. ಕೆಳಗಿನ ಎಲೆಯನ್ನು ಮೆಲ್ಲಗೆ ಒತ್ತಿ ನೋಡಿ. ಗಟ್ಟಿ ಇದ್ದರೆ ನೀರು ಬೇಡ. ಮೆತ್ತಗಾಗಿ ಸಣ್ಣ ಸುಕ್ಕು ಬಂದಿದ್ದರೆ, ಮಳೆ ಸ್ವಲ್ಪ ಬಿಡುವು ಕೊಟ್ಟ ದಿನ ಬೆಳಿಗ್ಗೆ, ಬುಡಕ್ಕೆ ಮಾತ್ರ ಹಾಕಿ. ಜುಲೈ ಪೂರ್ತಿ ನಾನು ಹಾಕೋದೇ ಇಲ್ಲ ಅನ್ನಬಹುದು.

ಇದಕ್ಕೊಂದು ಕಾರಣ ಇದೆ. ಈ ಗಿಡಗಳು ಎಲೆಯ ರಂಧ್ರ ತೆರೆಯೋದು ರಾತ್ರಿ ಹೊತ್ತು. ಇಂಗಾಲದ ಡೈಆಕ್ಸೈಡನ್ನು ರಾತ್ರಿ ಎಳೆದುಕೊಂಡು, ಹುಳಿಯ ರೂಪದಲ್ಲಿ ಎಲೆಯೊಳಗೆ ಕೂಡಿಟ್ಟು, ಹಗಲು ರಂಧ್ರ ಮುಚ್ಚಿಕೊಂಡು ಆಹಾರ ಮಾಡ್ತವೆ. ಒಣ ಊರಲ್ಲಿ ನೀರು ಉಳಿಸೋ ಉಪಾಯ ಅದು. ನಮ್ಮ ಮಳೆಗಾಲದ ರಾತ್ರಿ ಹವೆಯೇ ಒದ್ದೆ ಬಟ್ಟೆ. ರಂಧ್ರ ತೆರೆದರೂ ನೀರು ಆವಿಯಾಗಲ್ಲ, ಬೇರು ಎಳೆಯಲ್ಲ, ಮಣ್ಣು ಆರಲ್ಲ. ಅದಕ್ಕೇ ಬೆಂಗಳೂರಿನಲ್ಲಿ ವಾರಕ್ಕೊಮ್ಮೆ ನೀರು ಹಾಕ್ತಿದ್ದೆ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ.

ಲೈಟ್ ಹಾಕಬಹುದು. ಮಾಮೂಲಿ 20 ವ್ಯಾಟಿನ ಬಿಳಿ ಎಲ್‌ಇಡಿ ಟ್ಯೂಬ್ ಸಾಕು. ಗಿಡದಿಂದ ಒಂದು ಗೇಣು ಎತ್ತರದಲ್ಲಿರಲಿ, ದಿನಕ್ಕೆ 12 ಗಂಟೆ ಉರಿಸಿ. ಸೂರಿಗೆ ಕಟ್ಟಿದ ಲೈಟಿನಿಂದ ಏನೂ ಆಗಲ್ಲ. ಬೆಳಕು ಸಾಲದಿದ್ದರೆ ಗಿಡ ಕತ್ತು ಉದ್ದ ಮಾಡುತ್ತೆ, ಎಲೆ ಎಲೆಗೂ ನಡುವೆ ಅಂತರ ಬೀಳುತ್ತೆ, ಬಣ್ಣ ಹೋಗಿ ಬರೀ ಹಸಿರಾಗುತ್ತೆ. ಹಾಗೆ ಉದ್ದ ಆದದ್ದು ಮತ್ತೆ ಗಿಡ್ಡ ಆಗಲ್ಲ. ಒಂದು ಸಣ್ಣ ಫ್ಯಾನೂ ಇರಲಿ. ಕರೆಂಟ್ ಇದ್ದರೆ ಅನ್ನೋದನ್ನು ನಾನು ಬೇರೆ ಹೇಳಬೇಕಾ, ನೀವೂ ಇದೇ ಜಿಲ್ಲೆಯವರು.

ಜಾಗ ಸಾಲದಿದ್ದರೆ ಹಾವರ್ಥಿಯಾಗಳನ್ನು ಜಗಲಿಗೆ ಕಳಿಸಿ. ಅವು ದಕ್ಷಿಣ ಆಫ್ರಿಕಾದವು, ಪೊದೆಯ ನೆರಳಲ್ಲಿ, ಬಂಡೆ ಬುಡದಲ್ಲಿ ಬೆಳೆದು ಅಭ್ಯಾಸ ಇರೋವು. ಕಡಿಮೆ ಬೆಳಕಿನಲ್ಲಿ ಎಚೆವೇರಿಯಾಕ್ಕಿಂತ ಎಷ್ಟೋ ಚೆನ್ನಾಗಿ ತಾಳಿಕೊಳ್ಳುತ್ತವೆ.

ಕಮ್ಮರಡಿ_ಹುಡುಗಿ · ಜೂನ್

ಅಕ್ಕ, ಆನ್‌ಲೈನಿನಲ್ಲಿ ಸೆಂಪರ್ವೈವಮ್ ಮಾರ್ತಾ ಇದ್ದಾರೆ. ಕಾಲಿಂಪಾಂಗ್‌ನಿಂದ ಬರುತ್ತಂತೆ. ತರಿಸಲಾ? ಫೋಟೋದಲ್ಲಿ ನೀಲಿ ಬಣ್ಣದ್ದೂ ಇದೆ.

ಸಾಗರದ_ಅಂಗಳ · ಜೂನ್

ನೀಲಿ ಬಣ್ಣದ್ದು ಬಣ್ಣ ಬಳಿದದ್ದು. ಬೂದು ನೀಲಿ ಇರುತ್ತೆ, ಆದರೆ ಶಾಯಿ ನೀಲಿ ಯಾವ ಸಕ್ಯುಲೆಂಟಿಗೂ ಇಲ್ಲ. ಬಿಡು.

ಸೆಂಪರ್ವೈವಮ್ ಯುರೋಪಿನ ಬೆಟ್ಟದ ಗಿಡ. ಹಿಮ ಬಿದ್ದರೂ ಬದುಕುತ್ತೆ, ನಮ್ಮ ಸೆಕೆ, ತೇವ ಎರಡೂ ಸೇರಿದರೆ ಬದುಕಲ್ಲ. ಕಾಲಿಂಪಾಂಗಿನಲ್ಲಿ ಒಳ್ಳೇ ನರ್ಸರಿಗಳಿವೆ ನಿಜ, ಆದರೆ ಜೂನಿನಲ್ಲಿ ಯಾವುದನ್ನೂ ತರಿಸಬೇಡ ಮಾರಾಯ್ತಿ. ಮಣ್ಣು ಕೊಡವಿದ ಗಿಡ ಡಬ್ಬದಲ್ಲಿ ದಿನಗಟ್ಟಲೆ ಬಂದು, ಇಲ್ಲಿ ಇಳಿದ ಕೂಡಲೇ ಈ ಮಳೆ ಹವೆ. ಡಿಸೆಂಬರಿನಲ್ಲಿ ತರಿಸು.

ಶುರು ಮಾಡೋರಿಗೆ ನಾನು ಹೇಳೋದು ಗ್ರಾಪ್ಟೊಪೆಟಲಮ್ ಪರಾಗ್ವಾಯೆನ್ಸೆ. ಘೋಸ್ಟ್ ಪ್ಲಾಂಟ್ ಅಂತಾರೆ. ಹೆಸರಲ್ಲಿ ಪರಾಗ್ವೆ ಇದೆ, ಊರು ಮಾತ್ರ ಮೆಕ್ಸಿಕೋನೇ. ಎಲೆ ಕೆಳಗೆ ಬಿದ್ದರೆ ಅಲ್ಲೇ ಮರಿ ಮಾಡುತ್ತೆ. ಆಮೇಲೆ ಪಿವಿಎನ್ ಅಂತ ಕರೀತಾರಲ್ಲ, ಪರ್ಲ್ ಫಾನ್ ನ್ಯೂರೆನ್‌ಬರ್ಗ್, ನೇರಳೆ ಬಣ್ಣದ ಎಚೆವೇರಿಯಾ, ಅದು. ಎಚೆವೇರಿಯಾ ಲಾವಿ ಥರದ ದಪ್ಪ ಮೇಣದ ಜಾತಿಗಳ ಆಸೆ ಸದ್ಯಕ್ಕೆ ಬೇಡ. ದುಬಾರಿ, ಮೇಲಾಗಿ ನಮ್ಮ ಮಳೆಗೆ ಮೊದಲು ಹೋಗೋದೇ ಅವು.

ತುಂಗೆ_ದಡ · ಆಗಸ್ಟ್

ಮಳೆ ಇನ್ನೂ ಹೊಡೀತಾ ಇದೆ. ಶೀಟಿನ ಕೆಳಗೆ ಇರೋವು ಬಹುಪಾಲು ಚೆನ್ನಾಗಿವೆ. ಆದರೆ ಮೂರು ವಿಷಯ ಕೇಳಬೇಕು. ಲಿಪ್‌ಸ್ಟಿಕ್ ಅನ್ನೋ ಒಂದು ಎಚೆವೇರಿಯಾದ ಕೆಳಗಿನ ಎಲೆಗಳು ಹಳದಿಯಾಗಿ, ಬೆಳಕು ಹಾಯುವಷ್ಟು ತೆಳುವಾಗಿ ಕಾಣ್ತಿವೆ, ಮುಟ್ಟಿದರೆ ಉದುರ್ತವೆ. ಇನ್ನೊಂದರ ಎಲೆ ಸಂದಿಯಲ್ಲಿ ಬಿಳಿ ಹತ್ತಿ ಥರ ಕೂತಿದೆ. ರಾತ್ರಿ ಬಸವನ ಹುಳು ಹತ್ತಿ ಎಲೆಯಲ್ಲಿ ತೂತು ಮಾಡ್ತಿದೆ.

ಮಣ್ಣು_ಮಸಿ · ಆಗಸ್ಟ್

ಲಿಪ್‌ಸ್ಟಿಕ್ ಈಗಲೇ ಕೈಗೆತ್ತಿಕೊಳ್ಳಿ, ನಾಳೆ ಅನ್ನಬೇಡಿ. ಕೆಳಗಿನ ಎಲೆ ಕಾಗದದ ಥರ ಒಣಗಿ ಉದುರಿದರೆ ಅದು ಸಹಜ. ಹಳದಿಯಾಗಿ ನೀರು ತುಂಬಿದ ಹಾಗಾದರೆ ಕೊಳೆ. ಗಿಡ ಕಿತ್ತು ಕಾಂಡ ನೋಡಿ. ಕಪ್ಪಾಗಿದ್ದರೆ ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿ, ಕೆಳಗಿಂದ ಮೇಲಕ್ಕೆ ಕತ್ತರಿಸ್ತಾ ಬನ್ನಿ. ಕತ್ತರಿಸಿದ ಮುಖದಲ್ಲಿ ಒಂದು ಕಂದು ಚುಕ್ಕೆಯೂ ಇಲ್ಲದೆ ತಿಳಿ ಹಸಿರು ಕಾಣೋ ತನಕ ಕತ್ತರಿಸಬೇಕು. ಒಂದು ಚುಕ್ಕೆ ಉಳಿದರೂ ಅದು ಮೇಲೆ ಹತ್ತುತ್ತೆ. ಆಮೇಲೆ ಆ ತಲೆಯನ್ನು ಖಾಲಿ ಲೋಟದ ಬಾಯಿ ಮೇಲೆ ಕೂರಿಸಿ, ಫ್ಯಾನಿನ ಗಾಳಿಗೆ ನಾಲ್ಕೈದು ದಿನ ಒಣಗಲು ಬಿಡಿ. ಕತ್ತರಿಸಿದ ಜಾಗ ಗಟ್ಟಿ ಚರ್ಮ ಕಟ್ಟಿದ ಮೇಲೆ ಒಣ ಮಿಶ್ರಣದ ಮೇಲೆ ಇಡಿ. ನೀರು ಬೇರು ಬಂದ ಮೇಲೆ. ಬೇರಿಗೆ ಎರಡು ಮೂರು ವಾರ ಹಿಡಿಯುತ್ತೆ, ಈ ಹವೆಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ.

ಬಿಳಿ ಹತ್ತಿ ಅಂದರೆ ಹಿಟ್ಟು ತಿಗಣೆ. ಹತ್ತಿ ಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದನ್ನೇ ಮುಟ್ಟಿ ತೆಗೀರಿ. ಆ ಕುಂಡವನ್ನು ಉಳಿದವುಗಳಿಂದ ದೂರ ಇಡಿ. ಬೇವಿನ ಎಣ್ಣೆ ಹೊಡೆಯೋದಾದರೆ ಮೇಣ ಇಲ್ಲದ ಜಾತಿಗೆ ಮಾತ್ರ, ಅದೂ ಸಂಜೆ. ಇರುವೆ ಓಡಾಡ್ತಿದೆಯಾ ನೋಡಿ. ತಿಗಣೆಯ ಸಿಹಿ ಅಂಟಿಗೆ ಆಸೆಪಟ್ಟು ಇರುವೆಗಳೇ ಅದನ್ನು ಕಾಯುತ್ತವೆ, ಗಿಡದಿಂದ ಗಿಡಕ್ಕೆ ಹೊತ್ತೂ ಒಯ್ಯುತ್ತವೆ. ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ.

ಹೊಸನಗರ_ಅಡಿಕೆ · ಆಗಸ್ಟ್

ಬಸವನ ಹುಳು ನಮ್ಮ ತೋಟದಲ್ಲೂ ಕಾಟ. ದೊಡ್ಡದು ಇದ್ದರೆ ಅದು ಆಫ್ರಿಕಾದ ಬಸವನ ಹುಳು. ಬರಿಗೈಯಲ್ಲಿ ಮುಟ್ಟಬೇಡಿ, ಮನುಷ್ಯರಿಗೆ ಹತ್ತೋ ಪರೋಪಜೀವಿ ಅದರಲ್ಲಿ ಇರಬಹುದು. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ರಾತ್ರಿ ಟಾರ್ಚ್ ಹಿಡಿದು ಆರಿಸೋದೇ ಉಪಾಯ. ಸ್ಟ್ಯಾಂಡ್ ಕೆಳಗೆ ಒದ್ದೆ ಗೋಣಿ ಹಾಸಿಡಿ, ಬೆಳಿಗ್ಗೆ ಅದರಡಿ ಬಂದು ಸೇರಿರ್ತವೆ. ಉಪ್ಪು ಮಾತ್ರ ಕುಂಡದ ಹತ್ತಿರ ತರಬೇಡಿ.

ನಮ್ಮನೆಯವಳಿಗೂ ಈಗ ಈ ಹುಚ್ಚು ಹತ್ತಿದೆ. ಕರು ತಿಂದರೆ ಏನಾದರೂ ಆಗುತ್ತಾ ಅಂತ ಕೇಳ್ತಿದ್ದಾಳೆ.

ಸಾಗರದ_ಅಂಗಳ · ಆಗಸ್ಟ್

ಎಚೆವೇರಿಯಾ, ಹಾವರ್ಥಿಯಾ ತಿಂದರೆ ವಿಷ ಅಲ್ಲ. ಆದರೆ ಕಲಾಂಚೋ ಜಾತಿ ದನಕರುಗಳಿಗೆ ವಿಷ, ಹೃದಯಕ್ಕೆ ಏಟು. ನಮ್ಮ ಕಾಡುಬಸಳೆಯೂ ಅದೇ ಕುಲದ್ದು. ನರ್ಸರಿಯಲ್ಲಿ ಎಲ್ಲವನ್ನೂ ಸಕ್ಯುಲೆಂಟ್ ಅಂತ ಒಂದೇ ತಟ್ಟೆಯಲ್ಲಿ ಇಟ್ಟಿರ್ತಾರೆ, ಕೇಳಿ ತನ್ನಿ. ನಮ್ಮಲ್ಲಿ ಕರುಗಿಂತ ಮಂಗಗಳದ್ದೇ ಉಪದ್ರ. ತಿನ್ನೋದೂ ಇಲ್ಲ, ಸುಮ್ನೆ ಕಿತ್ತು ಎಸೀತವೆ.

ತುಂಗೆ_ದಡ · ನವೆಂಬರ್

ದೀಪಾವಳಿ ಆಯ್ತು! ಲಿಪ್‌ಸ್ಟಿಕ್ ತಲೆ ಬೇರು ಬಿಟ್ಟಿದೆ. ಅಯೋನಿಯಂ ಒಂದು ಹೋಯ್ತು. ಅಕ್ಕ, ಈಗ ಮರಿ ಮಾಡೋದು ಹೇಳ್ತೀರಾ? ಅಯೋನಿಯಂ ಎಲೆಯನ್ನೂ ಇಟ್ಟು ನೋಡಲಾ?

ಸಾಗರದ_ಅಂಗಳ · ನವೆಂಬರ್

ಅಯೋನಿಯಂ ಎಲೆಯಿಂದ ಬರಲ್ಲ, ಕೊಂಬೆಯಿಂದ ಮಾತ್ರ. ಹಾವರ್ಥಿಯಾವನ್ನು ಬುಡದ ಮರಿ ಬಿಡಿಸಿ ನೆಡೋದೇ ಸುಲಭ. ಎಲೆಯಿಂದ ಮಾಡೋದು ಎಚೆವೇರಿಯಾ, ಗ್ರಾಪ್ಟೊಪೆಟಲಮ್.

ಕಾಡುಬಸಳೆ ಎಲೆಯನ್ನು ಚಿಕ್ಕಂದಿನಲ್ಲಿ ಪುಸ್ತಕದೊಳಗೆ ಇಟ್ಟಿದ್ದೀರಲ್ಲ? ಅದರ ಮರಿ ಎಲೆಯ ಅಂಚಿನಿಂದ ಬರುತ್ತೆ. ಅಂಚು ಇದ್ದರೆ ಸಾಕು, ಎಲೆ ಹರಿದರೂ ನಡೆಯುತ್ತೆ. ಎಚೆವೇರಿಯಾದಲ್ಲಿ ಹಾಗಲ್ಲ. ಮರಿ ಬರೋದು ಎಲೆ ಕಾಂಡಕ್ಕೆ ಅಂಟಿಕೊಂಡ ಬುಡದಿಂದ ಮಾತ್ರ. ಆ ಬುಡ ಕಾಂಡದಲ್ಲೇ ಉಳಿದು ಎಲೆ ಮುರಿದು ಬಂದರೆ ಅದು ಬರೀ ಎಲೆ, ಎಷ್ಟು ದಿನ ಕಾದರೂ ಏನೂ ಆಗಲ್ಲ. ಹಾಗಾಗಿ ಎಲೆಯನ್ನು ಕೆಳಗೆ ಎಳೆಯಬೇಡಿ. ಬುಡದ ಹತ್ತಿರ ಹಿಡಿದು ಎಡಕ್ಕೆ ಬಲಕ್ಕೆ ಮೆಲ್ಲಗೆ ಅಲ್ಲಾಡಿಸಿ. ಟಕ್ ಅಂತ ಪೂರ್ತಿ ಬಿಟ್ಟುಕೊಳ್ಳುತ್ತೆ. ತೀರಾ ಕೆಳಗಿನ ಮುದಿ ಎಲೆ ಬೇಡ, ಅದರ ಮೇಲಿನ ಸುತ್ತಿನ ತುಂಬಿದ ಎಲೆ ತಗೊಳ್ಳಿ.

ಮೂರು ದಿನ ನೆರಳಲ್ಲಿ ಒಣಗಲಿ. ಆಮೇಲೆ ಅದೇ ಒಣ ಮಿಶ್ರಣದ ಮೇಲೆ ಸುಮ್ನೆ ಮಲಗಿಸಿ. ಹೂಳಬೇಡಿ, ನೀರೂ ಹಾಕಬೇಡಿ. ಎಲೆಯೊಳಗೇ ನೀರಿದೆ. ನಾನು ಅಡಿಕೆ ಹಾಳೆಯ ತಟ್ಟೆ ಬಳಸ್ತೇನೆ, ಈ ಒಣ ತಿಂಗಳುಗಳಲ್ಲಿ ಬೂಷ್ಟು ಹಿಡಿಯಲ್ಲ. ಎರಡು ಮೂರು ವಾರಕ್ಕೆ ಗುಲಾಬಿ ಬಣ್ಣದ ಬೇರು ಕಾಣುತ್ತೆ. ಆಗ ಬೇರಿನ ಮೇಲೆ ಚಿಟಿಕೆ ಮಿಶ್ರಣ ಉದುರಿಸಿ, ನಾಲ್ಕೈದು ದಿನಕ್ಕೊಮ್ಮೆ ಅಲ್ಲಿಗೆ ಮಾತ್ರ ನೀರು ಚಿಮುಕಿಸಿ. ಕೆಲವು ಎಲೆ ಬರೀ ಬೇರು ಬಿಟ್ಟು ಕೂರ್ತವೆ, ಮರಿ ಮಾಡಲ್ಲ. ಕೆಲವು ಮರಿ ಮಾಡಿ ಬೇರು ಬಿಡಲ್ಲ. ಬೈಯಬೇಡಿ, ಜಾಸ್ತಿ ಎಲೆ ಇಡಿ. ತಾಯಿ ಎಲೆ ತಾನಾಗಿ ಒಣಗೋ ತನಕ ಕೀಳಬೇಡಿ.

ಮಳೆಗಾಲದಲ್ಲಿ ಕತ್ತು ಉದ್ದ ಮಾಡಿದ ಗಿಡಗಳಿದ್ದರೆ ಈಗ ತಲೆ ಕತ್ತರಿಸೋ ಕಾಲ. ಎಲೆಗಳ ಸಂದಿಗೆ ನೈಲಾನ್ ದಾರ ಸುತ್ತಿ ಎರಡೂ ತುದಿ ಎಳೆದರೆ ಬ್ಲೇಡ್ ಹೋಗದ ಕಡೆಯೂ ನೀಟಾಗಿ ಕತ್ತರಿಸುತ್ತೆ. ಮೋಟನ್ನು ಎಸೀಬೇಡಿ. ಅದರ ಪಕ್ಕಗಳಲ್ಲಿ ಮರಿಗಳು ಒಡೀತವೆ, ಎಲೆಯಿಂದ ಬರೋ ಮರಿಗಿಂತ ಬೇಗ ದೊಡ್ಡದಾಗ್ತವೆ.

ಪ್ರತಿ ಜಾತಿಯದ್ದೂ ಎರಡು ಮೂರು ಮರಿ ಶಿವರಾತ್ರಿ ಒಳಗೆ ಮಾಡಿಟ್ಟುಕೊಳ್ಳಿ, ಒಂದನ್ನು ಬೇರೆ ಮನೆಯಲ್ಲಿ ಇಡಿ. ನಮ್ಮ ಮಳೆಗಾಲ ಪ್ರತಿ ವರ್ಷ ಒಂದೆರಡನ್ನು ತಗೊಂಡೇ ಹೋಗುತ್ತೆ.

ಗೋಪಾಳ_ತಾರಸಿ · ನವೆಂಬರ್

ತಳದ ಜಲ್ಲಿ ತೆಗೆದು ಅರ್ಧ ಕುಂಡಗಳಿಗೆ ಮಣ್ಣು_ಮಸಿ ಹೇಳಿದ ಮಿಶ್ರಣ ಹಾಕಿದ್ದೇನೆ. ಇನ್ನರ್ಧ ಹಾಗೇ ಇವೆ. ಮುಂದಿನ ಮಳೆಗೆ ನೋಡೋಣ, ನಾನು ಇನ್ನೂ ಪೂರ್ತಿ ಒಪ್ಪಿಲ್ಲ.

ಕಮ್ಮರಡಿ_ಹುಡುಗಿ · ಜನವರಿ

ನನ್ನ ಪಿವಿಎನ್ ಕೆಂಪು ನೇರಳೆ ಆಗಿಬಿಟ್ಟಿದೆ, ನಡುವಿಂದ ಉದ್ದ ದಂಟೂ ಬಂದಿದೆ. ಹೂ ಬಿಟ್ಟರೆ ಗಿಡ ಸಾಯುತ್ತೆ ಅಂತ ಯಾರೋ ಹೇಳಿದರು. ದಂಟು ಕತ್ತರಿಸಿಬಿಡಲಾ?

ಮಣ್ಣು_ಮಸಿ · ಜನವರಿ

ಹೂ ಬಿಟ್ಟು ಸಾಯೋದು ಸೆಂಪರ್ವೈವಮ್, ಆಮೇಲೆ ಅಯೋನಿಯಂನ ಕವಲೊಡೆಯದ ಜಾತಿಗಳು. ಪಿವಿಎನ್‌ಗೆ ಆ ಭಯ ಇಲ್ಲ, ವರ್ಷ ವರ್ಷ ಹೂ ಬಿಡುತ್ತೆ. ಬಣ್ಣ ಬಂದಿರೋದು ಚಳಿ ರಾತ್ರಿಗೆ, ಹಗಲಿನ ಬಿಸಿಲಿಗೆ. ಬೇಸಿಗೆಯಲ್ಲಿ ಸ್ವಲ್ಪ ಕಡಿಮೆ ಆಗುತ್ತೆ. ಗಿಡ ಸಣ್ಣದಿದ್ದರೆ ದಂಟು ಕತ್ತರಿಸು, ಶಕ್ತಿ ಉಳಿಯುತ್ತೆ. ದೊಡ್ಡದಿದ್ದರೆ ಹೂ ನೋಡಿ ಆಮೇಲೆ ಕತ್ತರಿಸು. ದಂಟಿನಲ್ಲಿರೋ ಪುಟ್ಟ ಎಲೆಗಳನ್ನೂ ಬುಡ ಸಮೇತ ಬಿಡಿಸಿ ತಟ್ಟೆಯಲ್ಲಿ ಇಡು, ಅವೂ ಮರಿ ಮಾಡ್ತವೆ. ದಂಟಿಗೆ ಹಿಟ್ಟು ತಿಗಣೆ ಬೇಗ ಹತ್ತುತ್ತೆ, ಎರಡು ದಿನಕ್ಕೊಮ್ಮೆ ನೋಡ್ತಾ ಇರು.